ತೆಳು ಬಣ್ಣದ ಕೌಂಟಿ

ಡ್ಯಾಲಸ್ ಪಕ್ಕದ ಲೂಯಿಸ್‌ವಿಲ್‌ನ ನಮ್ಮ ರೊಟ್ಟಿ ಅಂಗಡಿಯ ಗೋಡೆಯ ಮೇಲೆ, ಜೋಳದ ಹಿಟ್ಟಿನ ಚೀಲಗಳಿಗಿಂತ ಸ್ವಲ್ಪ ಎತ್ತರದಲ್ಲಿ, ನಾನು ಒಂದು ನಕ್ಷೆ ಅಂಟಿಸಿದ್ದೆ. ಅಮೆರಿಕದ ಕೌಂಟಿಗಳ ನಕ್ಷೆ. ಕೌಂಟಿ ಎಂದರೆ ನಮ್ಮ ಕಡೆಯ ಜಿಲ್ಲೆ ಇದ್ದಂತೆ. ದೊಡ್ಡ ಕರುಳಿನ ಕ್ಯಾನ್ಸರಿನಿಂದ ಹೆಚ್ಚು ಜನ ಸಾಯುವ ಕಡೆ ಕಡುಗೆಂಪು ಬಳಿದಿತ್ತು, ಕಡಿಮೆ ಸಾಯುವ ಕಡೆ ತೆಳು ಗುಲಾಬಿ. ದಕ್ಷಿಣದ ದೊಡ್ಡ ನದಿಯ ಅಕ್ಕಪಕ್ಕ ಕೆಂಪು ಹೆಪ್ಪುಗಟ್ಟಿದಂತಿತ್ತು. ಟೆಕ್ಸಸ್‌ನಲ್ಲೂ ದೂರದ ಹಳ್ಳಿಗಾಡುಗಳಲ್ಲಿ ಅಲ್ಲಲ್ಲಿ ಕೆಂಪಿತ್ತು. ನಾವಿದ್ದ ಕೌಂಟಿ ಮಾತ್ರ ತೊಳೆದಿಟ್ಟ ಹಾಗೆ ತೆಳ್ಳಗಿತ್ತು.

ಅದು ನನಗೆ ಸಿಕ್ಕಿದ್ದು ಡ್ಯಾಲಸ್‌ನ ದೇವಸ್ಥಾನದ ಹಾಲ್‌ನಲ್ಲಿ, ಎರಡು ಸಾವಿರದ ಹತ್ತರ ನಂತರದ ಮೊದಲ ವರ್ಷಗಳಲ್ಲಿ. ಕನ್ನಡದವರೆಲ್ಲ ಸೇರಿ ಆರೋಗ್ಯ ಶಿಬಿರ ಇಟ್ಟಿದ್ದರು. ಬಿ.ಪಿ. ನೋಡುವುದು, ಸಕ್ಕರೆ ನೋಡುವುದು, ಆಮೇಲೆ ಒಂದು ಭಾಷಣ, ಆಮೇಲೆ ಊಟ. ಊಟ ನಮ್ಮ ಅಂಗಡಿಯದು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮೈಸೂರಿನ ಕಡೆಯ ಒಬ್ಬ ಡಾಕ್ಟರಮ್ಮ ಆ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ ಮಾತಾಡುತ್ತಿದ್ದರು. ನಾನು ಹಿಂದೆ ನಿಂತು ರೊಟ್ಟಿ ಬಿಸಿ ಮಾಡುತ್ತಿದ್ದವನು, ತೆಳು ಬಣ್ಣ ಕಂಡೊಡನೆ ಎಲ್ಲರಿಗೂ ಕೇಳುವಂತೆ ಹೇಳಿದೆ, ನಾವು ಜೋಳ ತಿನ್ನೋ ಮಂದಿ, ನಮ್ಮ ಕರುಳಿಗೆ ಇದು ಬರೂದಿಲ್ಲ ಬಿಡ್ರಿ ಎಂದು. ಹಾಲ್ ನಕ್ಕಿತು. ಕೆಲವರು ಚಪ್ಪಾಳೆ ತಟ್ಟಿದರು.

ಡಾಕ್ಟರಮ್ಮನೂ ನಕ್ಕರು, ಆದರೆ ಬಿಡಲಿಲ್ಲ. "ಅಂಕಲ್, ಬಣ್ಣ ತೆಳ್ಳಗಿದೆ ಅಂದ್ರೆ ಬರೋದೇ ಇಲ್ಲ ಅಂತಲ್ಲ. ಇಲ್ಲಿ ಟೆಸ್ಟ್ ಮಾಡಿಸ್ಕೊಳ್ಳೋರು ಜಾಸ್ತಿ, ಆಸ್ಪತ್ರೆ ಹತ್ರ ಇದೆ. ಅದಕ್ಕೇ ಸಾಯೋರು ಕಡಿಮೆ."

ಊಟದ ಪಾತ್ರವೂ ಇದೆ, ಮಾಂಸ ವಿಪರೀತ ತಿನ್ನುವವರಿಗೆ ಅಪಾಯ ಹೆಚ್ಚು, ಆದರೆ ಸಸ್ಯಾಹಾರ ಎಂದರೆ ಬೀಗ ಹಾಕಿದ ಬಾಗಿಲಲ್ಲ ಎಂದೂ ವಿವರಿಸಿದರು. ಅದನ್ನು ಯಾರು ಕೇಳಬೇಕು? ನಾನು ಹತ್ತನೇ ತರಗತಿ ಪಾಸಾದವನು. ಸಾಫ್ಟ್‌ವೇರ್ ಮಂದಿಯ ನಡುವೆ ನನಗೊಂದು ಮಾತು ದಕ್ಕಿತ್ತು, ಅದನ್ನು ಬಿಡುವ ಮನಸ್ಸಿರಲಿಲ್ಲ. ಅವರಿಂದ ನಕ್ಷೆಯ ಒಂದು ಪ್ರತಿ ಕೇಳಿ ಪಡೆದೆ. ಮರುದಿನವೇ ಅದು ಅಂಗಡಿಯ ಗೋಡೆಗೆ ಏರಿತು. ಶನಿವಾರ ಪಕ್ಕದೂರು ಕಾಪೆಲ್‌ನಿಂದ ಬರುವ ಹುಡುಗರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದೆ. ಅವರು ನಗುತ್ತ ಇನ್ನೊಂದು ಕಟ್ಟು ರೊಟ್ಟಿ ಒಯ್ಯುತ್ತಿದ್ದರು.

ನಕ್ಷೆಯನ್ನು ಹೆಚ್ಚು ಲೇವಡಿ ಮಾಡಿದವನು ನನ್ನ ತಮ್ಮ. ಅವನು ಹ್ಯೂಸ್ಟನ್‌ನಲ್ಲಿದ್ದ. ಹಡಗಿನ ಸರಕು ಇಳಿಸುವ ಕಡೆ ಒಂದು ಗೋದಾಮಿನಲ್ಲಿ ಮೇಲ್ವಿಚಾರಕ. ಗದಗಿನಲ್ಲಿ ನಮ್ಮ ಅಪ್ಪ ತೀರಿಕೊಂಡಾಗ ಅವನು ಇನ್ನೂ ಶಾಲೆಗೆ ಹೋಗದ ಮಗು. ನಾನು ಓದು ಬಿಟ್ಟು ಖಾನಾವಳಿಯಲ್ಲಿ ಕೆಲಸಕ್ಕೆ ನಿಂತು ಅವನನ್ನು ಬೆಳೆಸಿದೆ. ಬಂಧುವೊಬ್ಬರ ಮೋಟೆಲಿನ ಕೆಲಸಕ್ಕೆಂದು ನಾನು ಈ ದೇಶಕ್ಕೆ ಬಂದ ಕೆಲವು ವರ್ಷಗಳಿಗೆ ಅವನನ್ನೂ ಕರೆಸಿಕೊಂಡೆ. ಅವನು ನನ್ನನ್ನು ಅಣ್ಣ ಎನ್ನುತ್ತಿದ್ದನಾದರೂ ಹೆದರುತ್ತಿದ್ದುದು ಅಪ್ಪನಿಗೆ ಹೆದರಿದಂತೆ. ಒಂದು ವಿಷಯದಲ್ಲಿ ಮಾತ್ರ ಹೆದರಲಿಲ್ಲ. ಗೋದಾಮಿನ ಗೆಳೆಯರ ಜೊತೆ ಕೂತು ಮಾಂಸ ತಿನ್ನಲು ಕಲಿತ. ಆಮೇಲೆ ಹಿತ್ತಲಿನಲ್ಲಿ ದೊಡ್ಡ ಕಬ್ಬಿಣದ ಒಲೆ ಇಟ್ಟು ಭಾನುವಾರಗಳಂದು ತಾನೇ ಸುಡತೊಡಗಿದ. ಅವನ ಹೆಂಡತಿ ಮಸಾಲೆ ಅರೆದು ಕೊಡುತ್ತಿದ್ದಳು. ಇದು ತಿಳಿದ ಮೇಲೆ ನಾನು ಅವನ ಮನೆಯಲ್ಲಿ ನೀರು ಸಹ ಬೇರೆ ಲೋಟದಲ್ಲಿ ಕುಡಿದೆ.

ಅವನು ಒಮ್ಮೆ ಅಂಗಡಿಗೆ ಬಂದಾಗ ನಕ್ಷೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಅಣ್ಣಾ, ಇದರಾಗ ನಂದು ಯಾವ ಬಣ್ಣ?"

"ನಿನ್ನ ಬಣ್ಣ ಇನ್ನಾ ಹಚ್ಚಿಲ್ಲ. ಹಚ್ತಾರ ತಡಿ," ಎಂದೆ.

ಅವನು ಜೋರಾಗಿ ನಕ್ಕ. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಬಾಯಿಂದ ಎಂಥಾ ಮಾತು ಬರ್ತಾವ ನಿಮಗ ಎಂದು ಬೈದಳು. ನಾನು ಆ ಮಾತನ್ನು ಇವತ್ತಿಗೂ ನುಂಗಲಾರದೆ ಉಗುಳಲಾರದೆ ಬಾಯಲ್ಲಿ ಇಟ್ಟುಕೊಂಡಿದ್ದೇನೆ.

ಮುಂದಿನ ಬೇಸಿಗೆಯಲ್ಲಿ ನನಗೆ ಹಿಟ್ಟಿನ ಚೀಲ ಎತ್ತಿದರೆ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿದ ವೈದ್ಯರು, ಮೈಯಲ್ಲಿ ರಕ್ತ ಕಡಿಮೆಯಾಗಿದೆ, ಎಲ್ಲೋ ಒಳಗೆ ಸೋರುತ್ತಿದೆ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು ಎಂದರು. ನಾನು ಬೇಡವೆಂದೆ. ಹೆಂಡತಿ ಅಂಗಡಿಗೆ ಬೀಗ ಹಾಕುತ್ತೇನೆ ಎಂದು ಹೆದರಿಸಿ ಒಪ್ಪಿಸಿದಳು. ಹಿಂದಿನ ದಿನವೆಲ್ಲ ಸೋಸಿದ ತಿಳಿಸಾರು, ಆಮೇಲೆ ಹೊಟ್ಟೆ ತೊಳೆಯುವ ಉಪ್ಪುಪ್ಪು ಔಷಧಿ. ಮಂಪರು ಬರಿಸಿ ಮಾಡುವ ಆ ಪರೀಕ್ಷೆಗೆ ಒಬ್ಬನೇ ಹೋದರೆ ಮಾಡುವುದಿಲ್ಲ, ಮನೆಗೆ ಕರೆದೊಯ್ಯಲು ಸ್ವಂತದವರೊಬ್ಬರು ಜೊತೆಗಿರಬೇಕು. ಹೆಂಡತಿಯೇ ಡ್ರೈವ್ ಮಾಡಿಕೊಂಡು ಬಂದಳು. ಅಂಗಡಿಯ ಗಿರಾಕಿಗಳಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಎಂದು ಹೇಳಿದ್ದೆವು.

ಒಳಗೆ ಅಣಬೆಯಂತೆ ಬೆಳೆದ ಒಂದು ಗೆಡ್ಡೆ ಸಿಕ್ಕಿತು. ಅದನ್ನು ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ವೈದ್ಯರು ನಮ್ಮಿಬ್ಬರನ್ನು ಕೂರಿಸಿಕೊಂಡು, ಗೆಡ್ಡೆಯೊಳಗೆ ಕ್ಯಾನ್ಸರ್ ಆಗಲೇ ಶುರುವಾಗಿತ್ತು, ಬುಡಕ್ಕೆ ಇಳಿದಿರಲಿಲ್ಲ, ಗೆಡ್ಡೆ ಪೂರ್ತಿ ಹೊರಬಂದಿದೆ, ನಿಮ್ಮ ಅದೃಷ್ಟ ಎಂದರು. ಬಳಿಕ ಅಪ್ಪ ಹೇಗೆ ತೀರಿಕೊಂಡರು ಎಂದು ಕೇಳಿದರು. ಹೊಟ್ಟೆಜಡ್ಡಿನಿಂದ ಎಂದೆ. ಅಪ್ಪನಿಗೆ ಹೊಟ್ಟೆಯಲ್ಲಿ ಕೈಗೆ ಸಿಗುವಂಥ ಗಂಟಿತ್ತು. ಸಾಯುವಾಗ ಇನ್ನೂ ತಲೆ ನರೆತಿರಲಿಲ್ಲ. ಜನ್ಮದಲ್ಲಿ ಜೋಳದ ರೊಟ್ಟಿ ಬಿಟ್ಟು ಬೇರೆ ಊಟ ಕಂಡವನಲ್ಲ. ವೈದ್ಯರು ಪೆನ್ನು ಕೆಳಗಿಟ್ಟು, ಒಡಹುಟ್ಟಿದವರು ಇದ್ದಾರೆಯೇ ಎಂದರು. ಒಬ್ಬ ತಮ್ಮನಿದ್ದಾನೆ ಎಂದೆ. ಇದು ನಿಮ್ಮ ಮನೆತನದ ರಕ್ತದಲ್ಲೇ ಇರಬಹುದು, ಅವರು ಐವತ್ತಾಗುವ ತನಕ ಕಾಯಬಾರದು, ಇವತ್ತೇ ಫೋನ್ ಮಾಡಿ ಹೇಳಿ ಎಂದರು.

ಆಗ ತಮ್ಮನಿಗೆ ನಲವತ್ತೈದು ದಾಟಿತ್ತು.

ನಾನು ಫೋನ್ ಮಾಡಲಿಲ್ಲ. ಮಾಡಬಾರದು ಎಂದು ತೀರ್ಮಾನಿಸಿದ್ದೆ ಎಂದರೆ ಸುಳ್ಳಾದೀತು. ಸಂಜೆ ಫೋನ್ ಕೈಗೆ ತೆಗೆದುಕೊಂಡಾಗ ಅವನ ನಗು ಕಿವಿಯಲ್ಲಿ ಕೇಳಿತು. ನಿನ್ನ ಕೌಂಟಿ ಗುಲಾಬಿ, ನೀ ಮಾತ್ರ ಕೆಂಪೇನಣ್ಣ ಎಂದು ಅವನು ಕೇಳಿಯೇ ಕೇಳುತ್ತಾನೆ. ಅವನ ಹೆಂಡತಿಗೆ ಹೇಳುತ್ತಾನೆ. ಅಲ್ಲಿಂದ ಕನ್ನಡ ಸಂಘದ ಮಂದಿಗೆ ಹೋಗುತ್ತದೆ. ನಾಳೆ ಮಾಡೋಣ ಎಂದು ಕೆಳಗಿಟ್ಟೆ. ನಾಳೆ ಇನ್ನೊಂದು ನಾಳೆಯಾಯಿತು.

"ಮೈದುನಗ ಫೋನ್ ಹಚ್ಚಿದ್ರೇನ್ರಿ?" ಎಂದು ಹೆಂಡತಿ ಕೇಳಿದಳು.

"ಹಚ್ಚೀನಿ. ಹೇಳೀನಿ," ಎಂದೆ. ಅವಳು ತಾನೇ ಮಾತೆತ್ತಬಾರದೆಂದು, ಅವನಿಗೆ ಇದು ನಾಲ್ಕು ಜನರ ಬಾಯಲ್ಲಿ ಬರುವುದು ಇಷ್ಟವಿಲ್ಲ, ನೀನು ಕೇಳಬೇಡ ಎಂದೂ ಸೇರಿಸಿದೆ. ಅವಳು ನಂಬಿದಳು. ಗಂಡಸರು ಮೈಯ ಈ ಭಾಗದ ಕಾಯಿಲೆಯನ್ನು ಮುಚ್ಚಿಡುವುದು ಅವಳಿಗೆ ಹೊಸದಾಗಿರಲಿಲ್ಲ.

ನಕ್ಷೆ ಗೋಡೆಯ ಮೇಲೇ ಇತ್ತು. ತೆಗೆದರೆ ಯಾರಾದರೂ ಯಾಕೆಂದು ಕೇಳುತ್ತಾರಲ್ಲ.

ಮೂರು ವರ್ಷ ಹೀಗೇ ಹೋಯಿತು. ತಮ್ಮನಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಾಗ ಅವನು ಮೂಲವ್ಯಾಧಿ ಎಂದುಕೊಂಡು ಮಜ್ಜಿಗೆ ಕುಡಿದ, ಸುವರ್ಣಗಡ್ಡೆ ಬೇಯಿಸಿಕೊಂಡು ತಿಂದ. ಹೇಗೂ ಐವತ್ತಕ್ಕೆ ಎಲ್ಲರಿಗೂ ಈ ಪರೀಕ್ಷೆ ಮಾಡುತ್ತಾರೆ, ಆಗಲೇ ನೋಡೋಣ ಎಂದು ಹೆಂಡತಿಗೆ ಹೇಳಿದನಂತೆ. ಐವತ್ತಕ್ಕೆ ಕೆಲವೇ ತಿಂಗಳಿದ್ದಾಗ ಹೊಟ್ಟೆ ಕಟ್ಟಿಕೊಂಡು ಆಸ್ಪತ್ರೆಗೆ ಸೇರಿದ. ಅಷ್ಟರಲ್ಲಿ ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು.

ಸುದ್ದಿ ಬಂದ ದಿನ ಹೆಂಡತಿ ಅತ್ತಳು, ಆಮೇಲೆ ಸಿಟ್ಟಾದಳು. "ನೀವು ಅಷ್ಟ್ ಹೇಳಿದ್ರೂ ಯಾಕ್ ತೋರಿಸ್ಕೊಳ್ಳಲಿಲ್ರಿ ಅವ್ರು?"

ನಾನು ಏನೆಂದೆ ಗೊತ್ತೇ? "ಅಂವಾ ಎಲ್ಲಿ ನನ್ನ ಮಾತ್ ಕೇಳ್ತಾನ," ಎಂದೆ.

ಹ್ಯೂಸ್ಟನ್‌ನ ಆಸ್ಪತ್ರೆಗೆ ನಾವು ಹಲವು ಸಲ ಹೋದೆವು. ನೋಡಲು ಬಂದ ನಮ್ಮ ಮಂದಿ ಹೊರಗೆ ಪಡಸಾಲೆಯಲ್ಲಿ ನಿಂತು, ಏನೇನೋ ತಿಂತಿದ್ದ, ಪಾಪ, ಎಂದು ಪಿಸುಗುಡುತ್ತಿದ್ದರು. ಅವನ ಹೆಂಡತಿಗೂ ಅದು ಕೇಳಿಸುತ್ತಿತ್ತು. ಅವಳು ತಲೆಯೆತ್ತುತ್ತಿರಲಿಲ್ಲ. ಹಿತ್ತಲಿನ ಕಬ್ಬಿಣದ ಒಲೆಯನ್ನು ಅವಳು ಅದೇ ತಿಂಗಳು ಕಸದ ಲಾರಿಗೆ ಹಾಕಿಸಿದ್ದಳು.

ಕೊನೆಗಾಲದಲ್ಲಿ ಒಂದು ಮಧ್ಯಾಹ್ನ ತಮ್ಮ ನನ್ನ ಕೈ ಹಿಡಿದುಕೊಂಡ. ಕೋಣೆಯಲ್ಲಿ ಅವನ ಮಗಳೂ ಇದ್ದಳು, ಕಿಟಕಿಯ ಬಳಿ. ಅವನ ಬೆರಳುಗಳು ಒಣ ರೊಟ್ಟಿಯ ಹಾಗೆ ಹಗುರವಾಗಿದ್ದವು.

"ಅಣ್ಣಾ, ನಿನ್ನ ಮಾತು ಮೀರಿದೆ ನೋಡು. ತಿನ್ನಬಾರದ್ದು ತಿಂದೆ. ತಪ್ಪಾತು."

ಆಗ ಹೇಳಬಹುದಿತ್ತು. ಇಲ್ಲೋ ತಮ್ಮಾ, ಏನೂ ತಿನ್ನದ ನನಗೂ ಬಂದಿತ್ತು, ನಮ್ಮಪ್ಪನಿಗೂ ಬಂದಿತ್ತು, ನಿನ್ನ ಹೊಟ್ಟೆಗೆ ಬಂದದ್ದು ನಿನ್ನ ತಪ್ಪಿನಿಂದಲ್ಲ, ನನ್ನ ಬಾಯಿ ಮುಚ್ಚಿದ್ದರಿಂದ ಎಂದು. ಅವನು ಅಷ್ಟಾದರೂ ಹಗುರಾಗಿ ಹೋಗುತ್ತಿದ್ದ. ನಾನು ಅವನ ತಲೆ ಸವರಿದೆ. "ಇರ್ಲಿ ಬಿಡು," ಎಂದೆ. ಮಾಡದ ತಪ್ಪಿಗೆ ಅವನು ಕ್ಷಮೆ ಕೇಳಿದ, ಮಾಡಿದವನು ದೊಡ್ಡ ಮನಸ್ಸಿನಿಂದ ಕ್ಷಮಿಸಿದ.

ಅವನು ಹೋದ ಮೇಲೆ ಆ ಡಾಕ್ಟರಮ್ಮ ಮತ್ತೊಮ್ಮೆ ದೇವಸ್ಥಾನಕ್ಕೆ ಬಂದಿದ್ದರು. ಊಟ ಆಗಲೂ ನಮ್ಮದೇ. ಈ ಸಲ ಅವರು ಹೊಸ ನಕ್ಷೆ ತಂದಿದ್ದರು. ಒಟ್ಟಿನಲ್ಲಿ ದೇಶದ ಬಣ್ಣ ತೆಳ್ಳಗಾಗುತ್ತ ಬಂದಿದೆ, ವಯಸ್ಸಾದವರು ಪರೀಕ್ಷೆ ಮಾಡಿಸಿಕೊಳ್ಳುತ್ತಿರುವುದರಿಂದ ಸಾವು ಇಳಿದಿದೆ, ಆದರೆ ಆಸ್ಪತ್ರೆ ದೂರವಿರುವ ಕಡೆ, ಬಡವರಿರುವ ಕಡೆ ಕೆಂಪು ಹಾಗೇ ಉಳಿದಿದೆ ಎಂದರು. ಆಮೇಲೆ ಎರಡು ಗೆರೆಗಳ ಒಂದು ಚಿತ್ರ ತೋರಿಸಿದರು. ಮುದುಕರ ಗೆರೆ ಇಳಿಯುತ್ತಿತ್ತು. ಐವತ್ತರ ಒಳಗಿನವರ ಗೆರೆ ನಿಧಾನವಾಗಿ ಮೇಲೇರುತ್ತಿತ್ತು. ಯಾಕೆಂದು ಇನ್ನೂ ಪೂರ್ತಿ ತಿಳಿದಿಲ್ಲವಂತೆ. ನಾನು ಅಡುಗೆಮನೆಯ ಕಿಂಡಿಯಿಂದ ಆ ಎರಡನೇ ಗೆರೆಯನ್ನೇ ನೋಡುತ್ತ ನಿಂತೆ. ನಮ್ಮ ಕೌಂಟಿಯ ಗುಲಾಬಿಯೊಳಗೆ ಯಾರು ಯಾರಿಗೆ ಏನನ್ನು ಮುಚ್ಚಿಟ್ಟಿದ್ದಾರೆ ಎಂಬುದಕ್ಕೆ ಯಾವ ಬಣ್ಣವೂ ಇರಲಿಲ್ಲ. ಈ ಸಲ ನಾನು ಏನೂ ಕೂಗಲಿಲ್ಲ. ಬಾಯಿ ಬಿಟ್ಟು ಸತ್ಯವನ್ನೂ ಹೇಳಲಿಲ್ಲ.

ತಮ್ಮನ ಮಗಳು ಆಸ್ಟಿನ್‌ನಲ್ಲಿ ಕೆಲಸ ಮಾಡುತ್ತಾಳೆ, ಪಕ್ಕದ ಲಿಯಾಂಡರ್‌ನಲ್ಲಿ ಮನೆ. ಹುಟ್ಟಿದ್ದು ಇಲ್ಲೇ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮಗೆ ಮಕ್ಕಳಿಲ್ಲ, ಅವಳೇ ಮಗಳು. ಅಪ್ಪ ಹೋದ ಮೇಲೆ ಅವಳು ಮೊಟ್ಟೆಯನ್ನೂ ಬಿಟ್ಟಳು. ತಿಂಗಳಿಗೊಮ್ಮೆ ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದು ಒಣ ರೊಟ್ಟಿಯ ಕಟ್ಟುಗಳನ್ನು ಒಯ್ಯುತ್ತಿದ್ದಳು. ದೊಡ್ಡಪ್ಪ ತಿನ್ನುವುದನ್ನು ತಿಂದರೆ ದೊಡ್ಡಪ್ಪನ ಹಾಗೆ ಗಟ್ಟಿಯಾಗಿರುತ್ತೇನೆ ಎನ್ನುತ್ತಿದ್ದಳು. ಆ ಮಾತಿಗೆ ನಾನು ಏನೋ ಕೆಲಸವಿದ್ದವನಂತೆ ಒಳಗೆ ಹೋಗುತ್ತಿದ್ದೆ.

ಒಂದು ಶನಿವಾರ ಗಿರಾಕಿಗಳೆಲ್ಲ ಹೋದ ಮೇಲೆ ಹೆಂಡತಿ ಒಲೆಯ ಮುಂದೆ ಕೂತು ಕೊನೆಯ ಹಿಟ್ಟು ಬಡಿಯುತ್ತಿದ್ದಳು. ಹುಡುಗಿ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಯಾವುದೋ ಮಾತಿಗೆ ಹೆಂಡತಿ, ನೀನು ಆ ಕರುಳಿನ ಪರೀಕ್ಷೆ ಮಾಡಿಸಿಕೊಂಡೆಯೇನವ್ವ ಎಂದು ಕೇಳಿದಳು. ಅವಳು ಇನ್ನೂ ಬೇಕಿಲ್ಲ ಎಂದಳು. ಮನೆಯಲ್ಲಿ ಯಾರಿಗೆಲ್ಲ ಬಂದಿತ್ತು ಎಂದು ಡಾಕ್ಟರ್ ಕೇಳಿದರಂತೆ. ಅಪ್ಪನೊಬ್ಬನಿಗೇ ಎಂದಿದ್ದಾಳೆ. ಹಾಗಿದ್ದರೆ ನಲವತ್ತರ ಹತ್ತಿರ ಬಂದಾಗ ನೋಡೋಣ ಎಂದಿದ್ದಾರೆ.

"ಓನ್ಲಿ ಡ್ಯಾಡ್, ದೊಡ್ಡವ್ವ. ಸೋ ಐ ಹ್ಯಾವ್ ಟೈಮ್," ಎಂದಳು. ಅವಳಿಗೆ ಆಗ ಮೂವತ್ತೂ ತುಂಬಿರಲಿಲ್ಲ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಡತಿ ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನನ್ನತ್ತ ತಿರುಗಿದಳು. ಅಷ್ಟು ವರ್ಷಗಳ ಲೆಕ್ಕವನ್ನು ಅವಳು ಆ ಒಂದು ನೋಟದಲ್ಲಿ ಹಾಕಿ ಮುಗಿಸಿದ್ದು ನನಗೆ ಕಂಡಿತು. ಮೈದುನನಿಗೆ ತಿಳಿದಿದ್ದರೆ ಮಗಳಿಗೆ ತಿಳಿಯದೆ ಇರುತ್ತಿರಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಕರಕಾಗತೊಡಗಿತು. ಅವಳು ಒಲೆ ಆರಿಸಿದಳು.

"ಹೋಗಬ್ಯಾಡ, ಕೂಡವ್ವಾ," ಎಂದು ಹುಡುಗಿಗೆ ಹೇಳಿದಳು. "ನಿಮ್ಮ ದೊಡ್ಡಪ್ಪ ನಿನಗೇನೋ ಹೇಳೂದೈತಿ."

ಹಿಟ್ಟಿನ ಚೀಲದ ಮೇಲೆ ಕೂತು ನಾನು ಹೇಳಿದೆ. ಏದುಸಿರು, ಗೆಡ್ಡೆ, ಅದರೊಳಗಿದ್ದದ್ದು, ಗದಗಿನ ಅಜ್ಜನ ಹೊಟ್ಟೆಯ ಗಂಟು, ಡಾಕ್ಟರ್ ಹೇಳಿದ ಮಾತು, ಮಾಡದ ಫೋನ್. ತಲೆಯ ಮೇಲೆ ನಕ್ಷೆ ಇತ್ತು. ಹುಡುಗಿ ಮೊದಲು ನನ್ನ ಆರೋಗ್ಯದ ಬಗ್ಗೆ ಗಾಬರಿಯಾದಳು, ಈಗ ಹೇಗಿದ್ದೀರಿ ಎಂದು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟಳು. ಆ ಕೈ ನನಗೆ ಸಲ್ಲಬಾರದಿತ್ತು. ಫೋನ್ ಮಾಡಲಿಲ್ಲ ಎಂಬುದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈ ತೆಗೆದಳು.

"ಅಪ್ಪಗ ಗೊತ್ತೇ ಇರಲಿಲ್ಲಾ?"

"ಇಲ್ಲವ್ವ."

"ಹಾಸ್ಪಿಟಲ್‌ದಾಗ ಅಪ್ಪ ನಿಮಗ ತಪ್ಪಾತು ಅಂದ. ಐ ವಾಸ್ ದೇರ್. ನೀವು ಇರ್ಲಿ ಬಿಡು ಅಂದ್ರಿ."

ನಾನು ತಲೆಯಾಡಿಸಿದೆ. ಅವಳು ಕಾರಿನ ಕೀಲಿ ಹುಡುಕಿದಳು. ಬಾಗಿಲ ಹತ್ತಿರ ನಿಂತು, ಇದನ್ನು ಅಮ್ಮನಿಗೆ ನಾನು ಹೇಳುವುದಿಲ್ಲ, ನೀವೇ ಹೋಗಿ ಹೇಳಬೇಕು, ಅವಳು ತನ್ನ ಕೈಯಡುಗೆಯೇ ಅಪ್ಪನನ್ನು ಕೊಂದಿತು ಎಂದುಕೊಂಡಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕಟ್ಟಿಟ್ಟಿದ್ದ ರೊಟ್ಟಿ ಮೇಜಿನ ಮೇಲೇ ಉಳಿಯಿತು.

ಹೆಂಡತಿ ಆ ದಿನ ನನ್ನೊಂದಿಗೆ ಮಾತಾಡಲಿಲ್ಲ. ಬಹಳ ದಿನ ಆಡಲಿಲ್ಲ. ಮಾತು ಶುರುವಾದಾಗಲೂ ಮೊದಲಿನ ಮಾತಾಗಿರಲಿಲ್ಲ. ನಾನು ಏನಾದರೂ ಹೇಳಿದರೆ ಈಗಲೂ ಒಂದು ಕ್ಷಣ ತಡೆದು ಆಮೇಲೆ ಹೂಂ ಎನ್ನುತ್ತಾಳೆ.

ನಾನು ಬಸ್ಸಿನಲ್ಲಿ ಹ್ಯೂಸ್ಟನ್‌ಗೆ ಹೋದೆ. ತಮ್ಮನ ಹೆಂಡತಿ ಬಾಗಿಲು ತೆರೆದವಳೇ ಒಳಗೆ ಹೋಗಿ ನನಗಾಗಿ ಬೇರೆ ಎತ್ತಿಟ್ಟಿದ್ದ ಲೋಟದಲ್ಲಿ ನೀರು ತಂದಳು. ಅವನು ಹೋದ ಮೇಲೂ ಆ ಲೋಟವನ್ನು ಇಟ್ಟುಕೊಂಡಿದ್ದಳು. ನಾನು ಹೇಳಿ ಮುಗಿಸುವ ತನಕ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆಮೇಲೆ ಕೇಳಿದ್ದು ಒಂದೇ.

"ಹಂಗಾರ ನಾ ಮಾಡಿ ಹಾಕಿದ್ದರಿಂದ ಅಲ್ಲೇನ್ರಿ?"

"ಅಲ್ಲವ್ವ," ಎಂದೆ. ಊಟದ ಪಾತ್ರ ಇಷ್ಟೂ ಇಲ್ಲವೆಂದು ಹೇಳಲು ನಾನು ಡಾಕ್ಟರಲ್ಲ. ಆದರೆ ಮೊದಲೇ ಪರೀಕ್ಷೆ ಮಾಡಿ ನೋಡಿದ್ದರೆ ಅವನದನ್ನೂ ನನ್ನದರ ಹಾಗೆ ಕತ್ತರಿಸಿ ತೆಗೆಯುತ್ತಿದ್ದರು, ಅದನ್ನು ತಪ್ಪಿಸಿದವನು ನಾನು ಎಂದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದ ಅಳು ಕೇಳಿತು. ನಾನು ಆ ಲೋಟವನ್ನು ಕೈಯಲ್ಲಿ ಹಿಡಿದು ಕೂತೇ ಇದ್ದೆ. ಅವಳು ಹೊರಗೆ ಬರಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾದಾಗ ನಾನೇ ಬಾಗಿಲೆಳೆದುಕೊಂಡು ಬಂದೆ.

ಹುಡುಗಿಯ ರಕ್ತ ಪರೀಕ್ಷೆಯಲ್ಲಿ ನಮ್ಮ ಮನೆತನದ ದೋಷ ಅವಳಿಗೂ ಬಂದಿದೆ ಎಂದು ತಿಳಿಯಿತು. ಕ್ಯಾಮೆರಾ ಬಿಟ್ಟು ನೋಡಿದಾಗ ಒಂದು ಚಿಕ್ಕ ಗೆಡ್ಡೆ ಸಿಕ್ಕಿತು, ಇನ್ನೂ ಕೆಟ್ಟಿರಲಿಲ್ಲ, ತೆಗೆದರು. ನಲವತ್ತರ ತನಕ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರ್ ಹೇಳಲಿಲ್ಲವಂತೆ, ಅವಳೂ ಕೇಳಲಿಲ್ಲವಂತೆ. ಮನೆಗೆ ಕರೆದೊಯ್ಯಲು ಸ್ವಂತದವರೊಬ್ಬರು ಬೇಕಲ್ಲ, ಅದಕ್ಕೆ ಅವಳು ದೊಡ್ಡವ್ವನನ್ನು ಕರೆಸಿಕೊಂಡಳು. ಹಿಂದಿನ ದಿನಕ್ಕೆಂದು ನಾನು ತಿಳಿಸಾರು ಮಾಡಿ, ಎರಡು ಸಲ ಬಟ್ಟೆಯಲ್ಲಿ ಸೋಸಿ, ಡಬ್ಬಿಯಲ್ಲಿ ಹಾಕಿ ಕಳಿಸಿದ್ದೆ. ಕುಡಿದಳೋ ಇಲ್ಲವೋ ಹೆಂಡತಿ ಹೇಳಲಿಲ್ಲ. ಡಬ್ಬಿ ಮಾತ್ರ ತೊಳೆದು ವಾಪಸ್ ಬಂತು.

ನಕ್ಷೆಯನ್ನು ನಾನು ತೆಗೆಯಲು ಹೋದಾಗ ಹೆಂಡತಿ ತಡೆದಳು. ಇರಲಿ, ಬಂದವರಿಗೆ ಪೂರ್ತಿ ಹೇಳ್ರಿ ಎಂದಳು. ಮುಂದೆ ಅಂಗಡಿಯನ್ನೇ ಮುಚ್ಚಿಬಿಡುವ ತನಕ ನಾನು ಹೇಳಿದೆ. ಶನಿವಾರದ ಹುಡುಗರು, ಅಂಕಲ್ ನಮ್ಮದು ತೆಳು ಬಣ್ಣ ಅಲ್ವಾ ಎಂದು ತಮಾಷೆ ಮಾಡಿದರೆ, ಹೌದಪ್ಪ, ನನಗೂ ಇಲ್ಲೇ ಬಂದದ್ದು ಎಂದು ಶುರು ಮಾಡುತ್ತಿದ್ದೆ. ಕೆಲವರ ನಗು ಅರ್ಧಕ್ಕೆ ನಿಲ್ಲುತ್ತಿತ್ತು. ಕೆಲವರು ರೊಟ್ಟಿ ತೆಗೆದುಕೊಳ್ಳದೆ ಹೋದರು. ಒಂದಿಬ್ಬರು ಹೊರಗೆ ಕಾರಿನಲ್ಲಿ ಕೂತು ಅಣ್ಣನಿಗೋ ತಮ್ಮನಿಗೋ ಫೋನ್ ಹಚ್ಚಿದ್ದನ್ನು ಗಾಜಿನಿಂದ ನೋಡಿದ್ದೇನೆ.

ಹುಡುಗಿ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ. ಆದೊಡನೆ ದೊಡ್ಡವ್ವನ ಫೋನಿಗೆ ಒಂದೇ ಮಾತು ಬರುತ್ತದೆ, ಎಲ್ಲಾ ಕ್ಲಿಯರ್ ಎಂದು. ನನಗೆ ಬರುವುದಿಲ್ಲ. ಹೆಂಡತಿ ಅದನ್ನು ಓದಿ, ಫೋನನ್ನು ನಾನು ಕಾಣುವಂತೆ ಮೇಜಿನ ಮೇಲೆ ಇಟ್ಟು ಒಳಗೆ ಹೋಗುತ್ತಾಳೆ. ನಾನು ಕನ್ನಡಕ ಹಾಕಿಕೊಂಡು ಓದುತ್ತೇನೆ.